ಮುಗಿಸುವಿಕೆಯೂ ರಸಾಸ್ವಾದವೂ

ಆರಂಭಿಸಿದ ಆಟವನ್ನು ಕೊನೆಮುಟ್ಟಿಸದೆ ಬಿಟ್ಟವನಿಗೆ ಆ ಆಟದ ಸುಖವು ಪೂರ್ಣವಾಗಿ ಲಭಿಸುವುದೋ ಇಲ್ಲವೋ ಎಂಬ ಪ್ರಶ್ನೆಯು ಈಚೆಗೆ ನಮ್ಮ ಸೀಮೆಯ ತರುಣರಲ್ಲಿ ಪದೇಪದೇ ಕೇಳಿಬರುತ್ತಲಿದೆ. ಅವರು ಆಟವೆಂದು ಹೇಳುವುದು ಮೊಬೈಲು, ಕಂಪ್ಯೂಟರುಗಳಲ್ಲಿ ಆಡುವ ವಿಡಿಯೋ ಗೇಮುಗಳನ್ನು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ, ಫೋನಿನ ಸಂಪರ್ಕಕ್ಕಾಗಿ ಗುಡ್ಡವನ್ನೇರಬೇಕಾದ ಊರುಗಳಲ್ಲಿ ಕೂಡ, ಈ ಆಟಗಳನ್ನರಿಯದ ಹುಡುಗರು ಈಗ ವಿರಳ. ಒಬ್ಬನು ತಿಂಗಳುಗಟ್ಟಲೆ ಆಡಿಯೂ ಕೊನೆಯನ್ನು ಕಾಣಲಾಗಲಿಲ್ಲವಲ್ಲಾ ಎಂದು ಕೊರಗುತ್ತಾನೆ; ಮತ್ತೊಬ್ಬನು ಅರ್ಧಕ್ಕೆ ಬಿಟ್ಟು, ಆಡಿದಷ್ಟು ದಿನ ಹಿಗ್ಗಿದೆನು, ಅಷ್ಟೇ ಸಾಕು ಎನ್ನುತ್ತಾನೆ. ಮುಗಿಸಿದವನು ಮುಗಿಸದವನನ್ನು ಕೀಳಾಗಿ ಕಾಣುವುದೂ ಉಂಟು.

ಇದು ಹುಡುಗರ ಹರಟೆ, ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಹುಬ್ಬು ಗಂಟಿಕ್ಕಬಾರದು. ನಮ್ಮಲ್ಲಿ ಯಕ್ಷಗಾನಕ್ಕೂ ಆಟವೆಂದೇ ಹೆಸರು. ಆಟಕ್ಕೆ ಹೋದವನು ಮಂಗಳದ ತನಕ ಕೂಡ್ರಬೇಕೇ, ಮೆಚ್ಚಿದ ವೇಷವನ್ನು ನೋಡಿ ಎದ್ದುಬರಬಹುದೇ ಎಂಬ ಚರ್ಚೆಯು ನಮಗೆ ಹೊಸದಲ್ಲ. ಕಾವ್ಯವನ್ನು ಆದ್ಯಂತವಾಗಿ ಓದಿದವನು ಮಾತ್ರವೇ ಸಹೃದಯನೋ, ನಾಲ್ಕು ಸರ್ಗಗಳನ್ನು ಓದಿ ತಲೆದೂಗಿದವನೂ ಸಹೃದಯನೋ ಎಂಬುದೂ ಇದೇ ಜಾತಿಯ ಪ್ರಶ್ನೆ. ಆದುದರಿಂದ ಹುಡುಗರು ಎತ್ತಿದ ಈ ವಿಷಯವನ್ನು ನಮ್ಮ ಹಿರಿಯರು ಬಿಟ್ಟುಹೋದ ಅಳತೆಗೋಲುಗಳಿಂದಲೇ ಅಳೆದು ನೋಡುವುದು ಅನುಚಿತವಾಗಲಾರದು.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಮುಗಿಸಲೇಬೇಕೆನ್ನುವವರಿಗೆ ಬಲವಾದ ಆಧಾರಗಳಿವೆ. ಭರ್ತೃಹರಿಯು ತನ್ನ ನೀತಿಶತಕದಲ್ಲಿ ಜನರನ್ನು ಮೂರು ತೆರನಾಗಿ ವಿಂಗಡಿಸಿ, ಹಿಡಿದ ಕೆಲಸವನ್ನು ಅಡ್ಡಿಗಳು ಬಂದರೂ ಬಿಡದವನನ್ನು ಉತ್ತಮನೆಂದೂ, ನಡುವೆ ಬಿಟ್ಟವನನ್ನು ಮಧ್ಯಮನೆಂದೂ ಎಣಿಸಿದ್ದಾನೆ. ನಾಟ್ಯಶಾಸ್ತ್ರವಾದರೋ ರೂಪಕದ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ಹೇಳಿ, ಅವಕ್ಕೆ ಸರಿಯಾಗಿ ಐದು ಸಂಧಿಗಳನ್ನು ವಿಧಿಸಿದೆ. ಮುಖಸಂಧಿಯಲ್ಲಿ ಚೆಲ್ಲಿದ ಬೀಜಗಳೆಲ್ಲ ಒಂದುಗೂಡಿ ಸಾರ್ಥಕವಾಗುವುದು ಕೊನೆಯ ನಿರ್ವಹಣಸಂಧಿಯಲ್ಲಿ. ಹಾಗಿರುವಾಗ ನಡುವೆ ಎದ್ದುಹೋದವನು, ಅಡಿಕೆಯ ಸಸಿಯನ್ನು ನೆಟ್ಟು, ಗೊಬ್ಬರವನ್ನು ಹಾಕಿ, ಕೊಳೆರೋಗಕ್ಕೆ ಔಷಧವನ್ನು ಹೊಡೆದು, ಕೊನೆಕೊಯ್ಲಿನ ಹೊತ್ತಿಗೆ ತೋಟವನ್ನು ತೊರೆದ ಬೇಸಾಯಗಾರನಂತಲ್ಲವೇ ಎಂದು ಅವರು ಕೇಳುತ್ತಾರೆ.

ಇದಕ್ಕೆ ಸಮಾಧಾನವನ್ನು ಹೇಳುವ ಮುನ್ನ ಕರ್ತೃವಿಗೂ ಭೋಕ್ತೃವಿಗೂ ಇರುವ ಭೇದವನ್ನು ಗಮನಿಸತಕ್ಕದ್ದು. ಭರ್ತೃಹರಿಯ ಮಾತು ಕರ್ತೃವನ್ನು ಕುರಿತದ್ದು. ಕೆರೆಯನ್ನು ತೋಡಿಸಲು ಹೊರಟವನು ಅರ್ಧಕ್ಕೆ ಬಿಟ್ಟರೆ ನೀರು ನಿಲ್ಲದು. ಆ ಕೆರೆಯ ನೀರನ್ನು ಕುಡಿಯುವವನು ಬೊಗಸೆಯಷ್ಟು ಕುಡಿದು ಹೊರಟರೆ ಅವನನ್ನು ಮಧ್ಯಮನೆಂದು ಯಾರೂ ಹಳಿಯುವುದಿಲ್ಲ.

ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ನಮ್ಮ ಪ್ರಶ್ನೆಗೆ ಬಹು ಸಮೀಪವಾದ ವಿಚಾರವೊಂದು ಬಂದಿದೆ. ಫಲವನ್ನು ಬಯಸಿ ಕಾಮ್ಯಕರ್ಮವೊಂದನ್ನು ಪ್ರಾರಂಭಿಸಿದವನು, ನಡುವೆ ಆ ಬಯಕೆಯು ತೀರಿದರೆ ಅಥವಾ ಅಳಿದರೆ, ಕರ್ಮವನ್ನು ಬಿಡಬಹುದೇ? ಬಿಡಲಾಗದು, ಪ್ರಾರಂಭಿಸಿದ ಮಾತ್ರದಿಂದಲೇ ಸಮಾಪ್ತಿಯ ಹೊಣೆಯು ತಲೆಗೆ ಬರುತ್ತದೆ ಎಂಬುದು ಅಲ್ಲಿಯ ಸಿದ್ಧಾಂತ. ಆದರೆ ಅದರ ಬೆನ್ನಿಗೇ, ಮನೆ ಕಟ್ಟುವುದೇ ಮೊದಲಾದ ಲೌಕಿಕ ಕಾರ್ಯಗಳಿಗೆ ಈ ನಿರ್ಬಂಧವಿಲ್ಲವೆಂದೂ ಮೀಮಾಂಸಕರು ತೀರ್ಮಾನಿಸಿದ್ದಾರೆ. ವಿಧಿನಿಷೇಧಗಳಲ್ಲಿ ಅಷ್ಟು ಕಟ್ಟುನಿಟ್ಟಾದ ಆ ಶಾಸ್ತ್ರವೇ ಲೌಕಿಕಕ್ಕೆ ಬಿಡುಗಡೆಯನ್ನಿತ್ತಿರಲು, ಆಟಕ್ಕೆ ನಾವು ಸಮಾಪ್ತಿಯ ವಿಧಿಯನ್ನು ಹೊರಿಸುವುದು ಹೇಗೆ? ಅಲ್ಲದೆ, ಯಾಗದ ಸ್ವರ್ಗಾದಿ ಫಲವು ಕರ್ಮವು ಮುಗಿದ ಮೇಲೆ ಎಂದೋ ಒದಗುವಂಥದು. ಆಟದ ಸುಖವು ಆಡುವಾಗಲೇ ಆಗುವಂಥದು. ಉಣ್ಣುವವನಿಗೆ ಪ್ರತಿಯೊಂದು ತುತ್ತಿನಲ್ಲಿಯೂ ರುಚಿ ಇದೆ. ಕೊನೆಯ ಮಜ್ಜಿಗೆಯನ್ನದವರೆಗೆ ಅವನು ಕಾಯಬೇಕಾಗಿಲ್ಲ.

ಕಾವ್ಯಗಳ ಸಾಕ್ಷ್ಯವೂ ಈ ಪಕ್ಷಕ್ಕೆ ಅನುಕೂಲವಾಗಿದೆ. ಕಾಳಿದಾಸನ ಕುಮಾರಸಂಭವವು ಹದಿನೇಳು ಸರ್ಗಗಳಾಗಿ ಪ್ರಚಾರದಲ್ಲಿದ್ದರೂ, ಮೊದಲ ಎಂಟು ಸರ್ಗಗಳೇ ಕಾಳಿದಾಸನವೆಂದು ವಿದ್ವಾಂಸರು ಒಪ್ಪುತ್ತಾರೆ; ಮಲ್ಲಿನಾಥನು ವ್ಯಾಖ್ಯಾನವನ್ನು ಬರೆದದ್ದೂ ಅವಕ್ಕೇ. ಆ ಎಂಟರಲ್ಲಿ ಕುಮಾರನು ಹುಟ್ಟುವುದೇ ಇಲ್ಲ. ಹೆಸರಿನಲ್ಲಿಯೇ ಹೇಳಿದ ಫಲವು ಬಾರದಿದ್ದರೂ, ಪಾರ್ವತಿಯ ತಪಸ್ಸಿನ ಐದನೆಯ ಸರ್ಗವನ್ನು ಓದಿದವನು ತನಗೆ ಕೊರತೆಯಾಯಿತೆಂದು ದೂರಿದ್ದನ್ನು ಕೇಳಿಲ್ಲ. ರಘುವಂಶವು ಹತ್ತೊಂಬತ್ತನೆಯ ಸರ್ಗದಲ್ಲಿ, ಅಗ್ನಿವರ್ಣನ ಗರ್ಭಿಣಿಯಾದ ರಾಣಿಯು ರಾಜ್ಯವನ್ನು ವಹಿಸಿಕೊಳ್ಳುವಲ್ಲಿಗೆ ನಿಂತುಬಿಡುತ್ತದೆ. ಅಮರುಕನ ಬಿಡಿಪದ್ಯಗಳನ್ನು ಕುರಿತು ಆನಂದವರ್ಧನನು, ಅವುಗಳಲ್ಲಿ ಒಂದೊಂದೂ ಪ್ರಬಂಧದಷ್ಟು ರಸವನ್ನು ಹರಿಸುವುದೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಪಾಠಶಾಲೆಗಳಲ್ಲಿ ಕಲಿತ ನಾವಾದರೂ ಪಂಚಮಹಾಕಾವ್ಯಗಳನ್ನು ತುದಿಯವರೆಗೆ ಓದಿದವರೆಷ್ಟು ಮಂದಿ? ಕಿರಾತದ ಮೊದಲ ಸರ್ಗಗಳಲ್ಲಿ ದ್ರೌಪದಿ, ಭೀಮರ ಮಾತನ್ನು ಕೇಳಿಯೇ ಭಾರವಿಯ ಅರ್ಥಗೌರವಕ್ಕೆ ಮಾರುಹೋದವರು ನಮ್ಮಲ್ಲಿ ಬಹುಮಂದಿ.

ಕನ್ನಡದಲ್ಲಿ ಗದುಗಿನ ನಾರಣಪ್ಪನ ಭಾರತವು ಹತ್ತು ಪರ್ವಗಳದು. ಗದಾಪರ್ವಕ್ಕೆ ಅದು ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ರಚಿಸಿ ಪೂರ್ಣಗೊಳಿಸಿದನು. ಆದರೂ ಗಮಕಿಗಳ ಬಾಯಲ್ಲಿ ಇಂದಿಗೂ ನಿಂತಿರುವುದು ನಾರಣಪ್ಪನ ಹತ್ತು ಪರ್ವಗಳೇ. ಮಳೆಯು ಹಿಂದೆಗೆದ ವರ್ಷಗಳಲ್ಲಿ ಓದಿಸುವ ವಿರಾಟಪರ್ವವು ಆದಿಯೂ ಅಲ್ಲ, ಅಂತ್ಯವೂ ಅಲ್ಲ, ಭಾರತದ ನಟ್ಟನಡುವಿನದು. ಕೇಳುವವರು ಅದನ್ನೇ ಒಂದು ಇಡಿಯಾದ ಕಾವ್ಯವೆಂಬಂತೆ ಕೇಳಿ ತಣಿಯುತ್ತಾರೆ.

ಇಷ್ಟನ್ನು ಕೇಳಿ, ಮುಗಿಸುವ ಅಗತ್ಯವೇ ಇಲ್ಲವೆಂದು ತರುಣರು ಅವಸರದಿಂದ ಡಂಗುರ ಹೊಡೆಯಬಾರದು. ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆಯೇ ತೀರಿಕೊಂಡಾಗ ಅವನ ಮಗನು ಉತ್ತರಭಾಗವನ್ನು ಬರೆದನು. ಕಥೆಯು ತುಂಡಾದುದಕ್ಕಾಗಿ ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ತಾನು ಬರೆಯಲು ತೊಡಗಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ನಮ್ಮ ಒಂದನೆಯ ನಾಗವರ್ಮನು ಕರ್ಣಾಟಕ ಕಾದಂಬರಿಯನ್ನು ರಚಿಸುವಾಗ ತಂದೆಯ ಭಾಗದೊಡನೆ ಮಗನ ಭಾಗವನ್ನೂ ತೆಗೆದುಕೊಂಡನು. ಸಹೃದಯನಿಗೆ ಕೊನೆಯ ಹಂಬಲವು ಸಹಜವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಶಾಕುಂತಲದ ಐದನೆಯ ಅಂಕದಲ್ಲಿ ಎದ್ದುಹೋದವನಿಗೆ ದೊರೆಯುವುದು ಒಬ್ಬ ಹೆಂಗಸಿಗಾದ ಅನ್ಯಾಯ ಮಾತ್ರ. ಮಾರೀಚನ ಆಶ್ರಮದಲ್ಲಿ ಸಿಂಹದ ಮರಿಯೊಡನೆ ಆಡುವ ಬಾಲಕನನ್ನು ಕಾಣದೆ ಆ ನಾಟಕವನ್ನು ಕಂಡೆನೆನ್ನುವುದು ಸಲ್ಲದು. ಭವಭೂತಿಯ ಉತ್ತರರಾಮಚರಿತವನ್ನು ಆರನೆಯ ಅಂಕಕ್ಕೆ ಬಿಟ್ಟವನಿಗೆ, ಕವಿಯು ವಾಲ್ಮೀಕಿಯ ಕಥೆಯನ್ನು ತಿರುಗಿಸಿ ಸೀತಾರಾಮರನ್ನು ಮರಳಿ ಕೂಡಿಸಿದನೆಂಬ ಮುಖ್ಯ ಸಂಗತಿಯೇ ತಿಳಿಯದೆ ಹೋಗುತ್ತದೆ.

ಇಂತಿರಲು, ಕೆಲವು ಕೃತಿಗಳಲ್ಲಿ ಕೊನೆಯೆಂಬುದು ಗದ್ದೆಯ ಅಂಚಿನಂತೆ ಬರಿಯ ಎಲ್ಲೆ. ಕೆಲವು ಕೃತಿಗಳಲ್ಲಿ ಅದು ಮರದ ಹಣ್ಣು. ಈ ವಿವೇಕವನ್ನು ಮಾಡದೆ ಎಲ್ಲಕ್ಕೂ ಒಂದೇ ನಿಯಮವನ್ನು ಹೇಳುವುದರಿಂದಲೇ ವಾದವು ಮುಗಿಯದೆ ಬೆಳೆಯುತ್ತಿದೆ. ವಿಡಿಯೋ ಗೇಮುಗಳನ್ನೂ ಹೀಗೆಯೇ ವಿಂಗಡಿಸಿ ನೋಡಬೇಕು.

ಅವುಗಳಲ್ಲಿ ಮೊದಲನೆಯ ವರ್ಗವು ಕೊನೆಯೇ ಇಲ್ಲದವುಗಳದು. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬವರು ನಿರ್ಮಿಸಿದ ಟೆಟ್ರಿಸ್ ಆಟದಲ್ಲಿ ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುತ್ತ ಹೋಗುವುದಷ್ಟೇ ಕೆಲಸ. ಕೈಸೋತಾಗ ಆಟ ಮುಗಿಯಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬನು ಅದರ ಒಂದು ಹಳೆಯ ರೂಪವನ್ನು ಆಡುತ್ತ ಆಡುತ್ತ, ಮುಂದೆ ನಡೆಯಲಾರದೆ ಆಟವೇ ಸ್ತಬ್ಧವಾಗುವಂತೆ ಮಾಡಿದನು. 1980ರಲ್ಲಿ ಜಪಾನಿನವರು ಮಾಡಿದ ಪ್ಯಾಕ್‌ಮ್ಯಾನ್ ಆಟದಲ್ಲಿಯೂ 256ನೆಯ ಹಂತಕ್ಕೆ ಲೆಕ್ಕವು ತಪ್ಪಿ ಅರ್ಧ ತೆರೆಯು ಕಲಸಿಹೋಗುತ್ತದೆ. ಇವು ಕರ್ತೃವು ಉದ್ದೇಶಿಸಿದ ಕೊನೆಗಳಲ್ಲ, ಯಂತ್ರದ ಶಕ್ತಿಯು ಮುಗಿದ ಸ್ಥಳಗಳು. ಅಂಥ ಆಟವನ್ನು ಮುಗಿಸಲಿಲ್ಲವೆಂದು ಕೊರಗುವುದು ಅಮರುಕನ ಪದ್ಯಗಳಲ್ಲಿ ಕಥಾಂತವನ್ನು ಹುಡುಕಿದಂತೆ.

ಎರಡನೆಯ ವರ್ಗವು ಪಂದ್ಯಗಳದು. ಹಲವು ವರ್ಷಗಳ ಹಿಂದೆ ನಮ್ಮ ಹುಡುಗರನ್ನೆಲ್ಲ ಮರುಳುಮಾಡಿ, 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರದಿಂದ ನಿಷೇಧಿಸಲ್ಪಟ್ಟ ಪಬ್ಜಿಯಲ್ಲಿ ನೂರು ಮಂದಿ ಒಂದು ದ್ವೀಪದಲ್ಲಿಳಿದು ಕಾದಾಡಿ, ಕಡೆಗೆ ಉಳಿದವನು ಗೆಲ್ಲುತ್ತಿದ್ದನು; ಒಂದು ಪಂದ್ಯಕ್ಕೆ ಹೆಚ್ಚೆಂದರೆ ಅರ್ಧ ತಾಸು. ಚೌಕಾಬಾರ, ಇಸ್ಪೀಟುಗಳ ಜಾತಿಯೇ ಇದು. ಇಲ್ಲಿ ಇಡಿಯ ಆಟಕ್ಕೆ ಕೊನೆಯಿಲ್ಲ, ಪ್ರತಿಯೊಂದು ಪಂದ್ಯಕ್ಕೆ ಇದೆ. ಜೊತೆಯವರನ್ನು ಕಟ್ಟಿಕೊಂಡು ಆಡುವವನು ನಡುವೆ ಎದ್ದುಹೋದರೆ ತನ್ನ ಸುಖದೊಡನೆ ಪರರ ಸುಖವನ್ನೂ ಕೆಡಿಸುತ್ತಾನೆ. ಪಂಕ್ತಿಯಲ್ಲಿ ಕುಳಿತವನು ತನ್ನ ಹೊಟ್ಟೆ ತುಂಬಿತೆಂದು ಉಳಿದವರಿಗಿಂತ ಮೊದಲು ಏಳುವುದಿಲ್ಲ. ಅಲ್ಲಿ ಮುಗಿಸುವುದು ರಸಕ್ಕಾಗಿ ಅಲ್ಲದಿದ್ದರೂ ಸೌಜನ್ಯಕ್ಕಾಗಿಯಾದರೂ ಆವಶ್ಯಕ.

ಮೂರನೆಯ ವರ್ಗವು ಕಥೆಯುಳ್ಳವುಗಳದು. ಪುಣೆಯವರು 2020ರಲ್ಲಿ ಹೊರತಂದ ರಾಜಿ ಎಂಬ ಆಟದಲ್ಲಿ, ಅಸುರರು ಎತ್ತಿಕೊಂಡುಹೋದ ತಮ್ಮನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಹೊರಡುತ್ತಾಳೆ; ದುರ್ಗೆಯೂ ವಿಷ್ಣುವೂ ಅವಳನ್ನು ನೋಡುತ್ತ ಮಾತಾಡಿಕೊಳ್ಳುತ್ತಾರೆ. ಇದು ನಾಟಕದ ಜಾತಿಯದು. ಇಂಥದರಲ್ಲಿ ಕೊನೆಗೆ ಬೆಲೆಯಿದೆಯೆಂಬುದಕ್ಕೆ, ಆ ಆಟವು ಥಟ್ಟನೆ ಮುಗಿದುಹೋಯಿತೆಂದು ಆಡಿದವರು ಹಲವರು ಅಸಮಾಧಾನಪಟ್ಟದ್ದೇ ಪ್ರಮಾಣ. ಕೊನೆಯು ಬರಿಯ ಎಲ್ಲೆಯಾಗಿದ್ದರೆ ಯಾರು ಅದಕ್ಕಾಗಿ ದೂರುತ್ತಿದ್ದರು? ಇವೆರಡರ ನಡುವೆ ನಿಲ್ಲುವವುಗಳೂ ಉಂಟು. 2011ರಲ್ಲಿ ಪೂರ್ಣರೂಪದಲ್ಲಿ ಬಂದ ಮೈನ್‌ಕ್ರಾಫ್ಟಿನಲ್ಲಿ ಘಟಸರ್ಪದಂಥ ಪ್ರಾಣಿಯನ್ನು ಕೊಂದರೆ ಸಮಾಪ್ತಿಯ ಉದ್ದವಾದ ಬರಹವೊಂದು ಕಾಣಿಸಿಕೊಂಡು, ಆಮೇಲೆ ಆಟವು ಮೊದಲಿನಂತೆ ಮುಂದುವರಿಯುತ್ತದೆ. ಆ ಪ್ರಾಣಿಯ ಗೊಡವೆಗೇ ಹೋಗದೆ ಮನೆ, ಕೋಟೆಗಳನ್ನು ಕಟ್ಟುತ್ತ ವರ್ಷಗಳನ್ನು ಕಳೆದವರು ಲೆಕ್ಕವಿಲ್ಲದಷ್ಟಿದ್ದಾರೆ.

ಇಲ್ಲಿ ಒಂದು ತೊಡಕನ್ನು ಮರೆಮಾಡಲಾಗದು. ಕರ್ತೃವು ಬೇರೆ, ಭೋಕ್ತೃವು ಬೇರೆ ಎಂದು ಮೇಲೆ ಹೇಳಿದೆನಷ್ಟೆ. ಈ ಆಟಗಳಲ್ಲಿ ಅವರಿಬ್ಬರೂ ಒಬ್ಬನೇ. ಯಕ್ಷಗಾನದಲ್ಲಿ ಪ್ರೇಕ್ಷಕನು ತೂಕಡಿಸಿದರೂ ಭಾಗವತನು ಪದ್ಯವನ್ನು ನಿಲ್ಲಿಸುವುದಿಲ್ಲ. ಪುಸ್ತಕದ ಕಡೆಯ ಪುಟವನ್ನು ಯಾರು ಬೇಕಾದರೂ ತೆರೆಯಬಹುದು. ವಿಡಿಯೋ ಗೇಮಿನಲ್ಲಿಯಾದರೋ ಆಡುವವನ ಕೈ ನಿಂತರೆ ಕಥೆಯೂ ನಿಲ್ಲುತ್ತದೆ. ಅವನು ಗೆಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಮುಗಿಸದಿರುವುದರಲ್ಲಿ ಬೇಸರವೆಂಬುದಲ್ಲದೆ ಅಸಾಮರ್ಥ್ಯವೆಂಬ ಮತ್ತೊಂದು ಕಾರಣವೂ ಸೇರುತ್ತದೆ. ಅಸಾಮರ್ಥ್ಯಕ್ಕೆ ನಾಚಿದವನು ಕೊನೆಯನ್ನು ಮುಟ್ಟುವುದನ್ನೇ ಗುರಿಮಾಡಿಕೊಂಡು, ಬಲ್ಲವರು ಹೇಳಿಕೊಟ್ಟ ಅಡ್ಡದಾರಿಗಳಲ್ಲಿ ಓಡಿ, ದಾರಿಯ ಯಾವ ಸೊಗಸನ್ನೂ ನೋಡದೆ ತುದಿಗೆ ತಲಪುತ್ತಾನೆ. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದನ್ನೂ ಒಂದಾಗಿ ಎಣಿಸಿದ್ದಾನೆ. ಮುಗಿಸಿದೆನೆಂಬ ಹಮ್ಮಿನ ಆಶೆಯೂ, ಮುಗಿಸಲಾರೆನೆಂಬ ಅಳುಕೂ ಆ ವಿಘ್ನದೊಳಗೇ ಸೇರುವವು. ಮನಸ್ಸು ತನ್ನ ಗೆಲವನ್ನು ಎಣಿಸುತ್ತಿರುವ ತನಕ ಎದುರಿನ ಕಥೆಯಲ್ಲಿ ಅದು ಲೀನವಾಗದು.

ಇನ್ನು ನಮ್ಮ ಮನೆಯ ಆಟದ ಕಡೆಗೆ ತಿರುಗೋಣ. ಬಯಲಾಟವು ರಾತ್ರಿ ಮೊದಲಾಗಿ ಬೆಳಗಾಗುವ ತನಕ ನಡೆಯುತ್ತಿದ್ದ ಕಾಲದಲ್ಲಿ ಅದನ್ನು ಆದಿಯಿಂದ ಅಂತ್ಯದವರೆಗೆ ರೆಪ್ಪೆ ಮುಚ್ಚದೆ ನೋಡಿದವರು ಬಹಳ ಮಂದಿ ಇರಲಿಲ್ಲ. ಕೋಡಂಗಿ, ಬಾಲಗೋಪಾಲರ ಹೊತ್ತಿಗೆ ಬಂದವರು ಮಧ್ಯರಾತ್ರಿಗೆ ಮಲಗುತ್ತಿದ್ದರು; ಮಕ್ಕಳು ಕಂಬಳಿಯ ಮೇಲೆ ಒರಗಿ, ಚಂಡೆಯ ಸದ್ದಿಗೆ ಎಚ್ಚತ್ತು ಒಂದು ಕುಣಿತವನ್ನು ನೋಡಿ ಮತ್ತೆ ಒರಗುತ್ತಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡುವುದಕ್ಕೆಂದೇ ಗದ್ದೆಯ ಬದುಗಳ ಮೇಲೆ ದೊಂದಿ ಹಿಡಿದು ಬಂದು, ಆ ವೇಷವು ಮುಗಿದೊಡನೆ ಹೊರಟುಹೋಗುತ್ತಿದ್ದ ರಸಿಕರನ್ನು ನಾನೇ ಕಂಡಿದ್ದೇನೆ. ಅವರಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಏತಕ್ಕೆಂದರೆ, ಕೀಚಕನು ಸಾಯುವನೆಂಬುದು ಅವರಿಗೆ ಅಜ್ಜಿಯ ತೊಡೆಯ ಮೇಲೆಯೇ ತಿಳಿದಿತ್ತು. ಮಳೆಗಾಲದ ತಾಳಮದ್ದಳೆಯಲ್ಲಿ ಕೃಷ್ಣಸಂಧಾನವನ್ನು ಕೇಳುವವರಲ್ಲಿ, ಸಂಧಿಯು ಫಲಿಸೀತೋ ಎಂದು ಕಾತರಪಡುವವನು ಒಬ್ಬನಾದರೂ ಇದ್ದಾನೆಯೇ? ಫಲಿಸದೆಂದು ತಿಳಿದೇ, ಕೃಷ್ಣನು ಏನೆಂದಾನು, ಕೌರವನು ಅದಕ್ಕೆ ಏನೆಂದಾನು ಎಂದು ಕಿವಿಗೊಡುತ್ತಾರೆ. ಕೊನೆಯು ಮೊದಲೇ ಗೊತ್ತಿರುವುದರಿಂದ ಮನಸ್ಸು ಕೊನೆಯ ಚಿಂತೆಯನ್ನು ಬಿಟ್ಟು ನಡುವಿನಲ್ಲಿ ನೆಲೆನಿಲ್ಲುತ್ತದೆ.

ನನ್ನ ಅಭಿಪ್ರಾಯದ ತಿರುಳು ಇದೇ. ನಡುವೆ ಏಳುವ ಸ್ವಾತಂತ್ರ್ಯವು, ಇಡಿಯದನ್ನು ಒಳಗೆ ಹೊತ್ತವನಿಗೆ ನಿರಪಾಯವಾಗಿ ಸಲ್ಲುತ್ತದೆ. ವಿರಾಟಪರ್ವವೊಂದನ್ನೇ ಕೇಳಿದವನು ತಣಿಯುವುದು ಹದಿನೆಂಟು ಪರ್ವಗಳೂ ಅವನ ಬೆನ್ನಿಗಿರುವುದರಿಂದ. ರನ್ನನು ಗದಾಯುದ್ಧದಲ್ಲಿ ಭಾರತದ ಕಡೆಯ ಭಾಗವನ್ನೇ ಹಿಡಿದು, ಸಿಂಹಾವಲೋಕನದಿಂದ ಹಿಂದಿನದೆಲ್ಲವನ್ನೂ ಅದರೊಳಗೆ ತರಲು ಸಾಧ್ಯವಾದದ್ದೂ ವಾಚಕರಿಗೆ ಆ ಕಥೆಯು ಕರತಲಾಮಲಕವಾಗಿದ್ದುದರಿಂದಲೇ. ಬಿಡಿಯು ಇಡಿಯನ್ನು ಧ್ವನಿಸಬೇಕಾದರೆ ಇಡಿಯು ಎಲ್ಲಿಯಾದರೂ ಇರಬೇಕಷ್ಟೆ. ಹೊಸ ಕಥೆಯ ವಿಡಿಯೋ ಗೇಮಿನ ಇಡಿಯು ಯಾವ ಅಜ್ಜಿಯ ಬಾಯಲ್ಲಿಯೂ ಇಲ್ಲ, ಆ ಯಂತ್ರದೊಳಗೆ ಮಾತ್ರ ಇದೆ. ಅದನ್ನು ಅರ್ಧಕ್ಕೆ ಬಿಟ್ಟವನಿಗೆ ದೊರೆಯುವುದು ಅರ್ಧವೇ. ಆ ಅರ್ಧವು ಸುಖಕರವಾಗಿರಬಹುದು. ಆದರೆ ಅದನ್ನು ಪೂರ್ಣವೆಂದು ಅವನು ಹೇಳಕೂಡದು.

ಈ ಮಾತು ನಮ್ಮ ಆಟಕ್ಕೆ ಈಗ ಹೆಚ್ಚು ಸಲ್ಲುತ್ತದೆ. ಈಚಿನ ದಿನಗಳಲ್ಲಿ ಕಾಲಮಿತಿಯ ಪ್ರದರ್ಶನಗಳು ಎಲ್ಲೆಡೆ ರೂಢಿಯಾಗಿವೆ. ಅದಕ್ಕೆ ಕಾರಣಗಳಿಲ್ಲದೆ ಇಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುವ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದಿವೆ. ಬೆಳಗಾದರೆ ಕೆಲಸಕ್ಕೆ ಹೋಗತಕ್ಕವರಿಗೆ ಜಾಗರಣೆಯು ಕಷ್ಟ. 1934ರಲ್ಲಿ ಸ್ಥಾಪಿತವಾದ ಇಡಗುಂಜಿ ಮೇಳದಂಥ ಹೆಸರಾಂತ ಮೇಳವು ಎರಡು ಮೂರು ತಾಸಿನ ಆಟಗಳನ್ನು ಶಿಸ್ತಿನಿಂದ ಆಡಿ ತೋರಿಸಿದೆ. ಕಾಲಮಿತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರಿಂದ ಆದ ಒಂದು ವಿಪರ್ಯಾಸವನ್ನು ಸಹೃದಯರು ಗಮನಿಸಬೇಕು. ಮೊದಲು ಆಟವನ್ನು ಪೂರ್ತಿಯಾಗಿ ನೋಡಿದವರು ಕಡಿಮೆ, ಕಥೆಯನ್ನು ಪೂರ್ತಿಯಾಗಿ ಬಲ್ಲವರು ಹೆಚ್ಚು. ಈಗ ಸಭೆಯೆಲ್ಲ ಮಂಗಳದ ತನಕ ಕೂಡ್ರುತ್ತದೆ. ಕಥೆಯನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪೂರ್ವರಂಗವು ಹೋಯಿತು, ಒಡ್ಡೋಲಗವು ಕುಗ್ಗಿತು, ಪದ್ಯಗಳನ್ನು ಆರಿಸಿ ಉಳಿದವನ್ನು ಬಿಟ್ಟರು. ಬಿಟ್ಟದ್ದನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳಬಲ್ಲ ಹಿರಿಯರಿಗೆ ತೊಂದರೆಯಿಲ್ಲ. ತುಂಬಿಕೊಳ್ಳಲು ಏನೂ ಇಲ್ಲದ ಹುಡುಗನು ಆಟವನ್ನು ಮುಗಿಸಿದನೆಂಬುದು ನಿಜ. ಆದರೆ ಅವನು ಮುಗಿಸಿದ್ದು ಯಾವುದನ್ನು?

ಆದುದರಿಂದ ತರುಣರಿಗೆ ನನ್ನ ಮಾತು ಇಷ್ಟೇ. ಕೊನೆಯಿಲ್ಲದ ಆಟವನ್ನು ಮನಸ್ಸು ತಣಿದಾಗ ನಿಸ್ಸಂಕೋಚವಾಗಿ ಬಿಡಲಿ. ಜೊತೆಗಾರರಿರುವ ಪಂದ್ಯವನ್ನು ಮುಗಿಸಿಯೇ ಏಳಲಿ. ಕಥೆಯುಳ್ಳ ಆಟವು ಹೃದಯವನ್ನು ಹಿಡಿದಿದ್ದರೆ ಸಾವಕಾಶವಾಗಿ ಕೊನೆಯ ತನಕ ಹೋಗಲಿ. ಹಿಡಿಯದಿದ್ದರೆ ಬರಿಯ ಹಟಕ್ಕಾಗಿ ರಾತ್ರಿಗಳನ್ನು ಸುಡದಿರಲಿ. ಮುಗಿಸಿದವನು ಮುಗಿಸದವನನ್ನು ಹಳಿಯದಿರಲಿ.

ಆಟಗಳನ್ನು ಏರ್ಪಡಿಸುವ ನಮ್ಮೂರುಗಳ ಸಂಘಗಳಿಗೂ ದೇವಸ್ಥಾನಗಳ ಮೊಕ್ತೇಸರರಿಗೂ ಒಂದು ವಿನಂತಿಯಿದೆ. ಕಾಲಮಿತಿಯ ಆಟಗಳು ನಡೆಯಲಿ. ಅವುಗಳೊಡನೆ ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಭಾರತದ ಅಥವಾ ರಾಮಾಯಣದ ಪ್ರಸಂಗಗಳನ್ನು ಕ್ರಮವಾಗಿ ಜೋಡಿಸಿ ತಾಳಮದ್ದಳೆಯ ಸಪ್ತಾಹವೊಂದನ್ನು ನಡೆಸಿ, ಶಾಲೆಯ ಮಕ್ಕಳು ಸಂಜೆ ಬಂದು ಕೇಳುವಂತೆ ಅನುಕೂಲ ಮಾಡಿಕೊಟ್ಟರೆ, ಹತ್ತು ವರ್ಷಗಳಲ್ಲಿ ಇಡಿಯ ಕಥೆಯನ್ನು ಬಲ್ಲ ಒಂದು ತಲೆಮಾರು ನಮ್ಮ ಮೂರು ತಾಲೂಕುಗಳಲ್ಲಿ ಸಿದ್ಧವಾದೀತು. ಆ ಮಕ್ಕಳು ಮುಂದೆ ಯಾವ ಆಟದಿಂದ ಎಷ್ಟು ಹೊತ್ತಿಗೆ ಎದ್ದುಹೋದರೂ ಚಿಂತೆಯಿಲ್ಲ.